ಪಹರೆಯ ನಿದ್ದೆ

“ಏ ಬಾರ್ಡರ್ ಸಾಬ, ಗ್ವಾಡಿಗೆ ಬೆನ್ನ ಹಚ್ಚಬ್ಯಾಡಲೇ! ಬೆನ್ನ ಹಚ್ಚಿದ್ರ ನಿನಗ ನಿದ್ದಿ ಬರ್ತೈತಿ. ಇದು ಕೋರ್ಟ, ನಿಮ್ಮ ಬಾರ್ಡರ್ ಅಲ್ಲ.”

ಕೋರ್ಟಿನ ಪಟ್ಟೇವಾಲ ಚನ್ನೇಶ ಇಷ್ಟು ಅಂದದ್ದೇ ತಡ, ವರಾಂಡದಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮಹಾಲಿಂಗಪ್ಪ, ನಮ್ಮ ತೋಟದ ದಾರಿಗೆ ತಂತಿಬೇಲಿ ಹಾಕಿದವನು. ನನ್ನ ಗಂಡ ಖಲಂದರ ಗೋಡೆ ಬಿಟ್ಟು ಸೆಟೆದು ನಿಂತ. ಅವನ ಆ ನಿಲುವು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈದವನ ಮುಂದೆಯೂ ಸೆಟೆದು ನಿಲ್ಲುವುದನ್ನು ಕಲಿಸಿ ಕಳಿಸಿದ್ದಾರೆ, ಪುಣ್ಯಾತ್ಮರು.

“ಸರ್ಕಾರನ ಒದ್ದ ಹೊರಗ ಹಾಕೇತಿ ಬೋಳೀಮಗನ್ನ,” ಎಂದ ಮಹಾಲಿಂಗಪ್ಪ, ಎಲೆಗೆ ಸುಣ್ಣ ಸವರುತ್ತ. “ಇಂಥವ್ನ ಮಾತು ಯಾವ ಕೋರ್ಟ ಕೇಳ್ತೈತಿ?”

ಯಾವ ಊರಿನ ಕೋರ್ಟು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಇನ್ನೊಂದು ಕೇಸು ಬೀಳುತ್ತದೆ, ಇರುವ ಒಂದೇ ಸಾಕಾಗಿದೆ. ನಮ್ಮದು ಹತ್ತಿಮತ್ತೂರು ಕಡೆ ಅಂಗೈ ಅಗಲದ ಎಲೆಬಳ್ಳಿ ತೋಟ. ಅಲ್ಲಿಗೆ ಇರುವುದು ಒಂದೇ ಬಂಡಿದಾರಿ. ಖಲಂದರ ಗಡಿ ಕಾಯುವ ನೌಕರಿಯಲ್ಲಿರುವ ತನಕ ಮಹಾಲಿಂಗಪ್ಪ “ಫೌಜಿಯವ್ರ ಬರ್ರಿ” ಎಂದು ಸರಿದು ನಿಲ್ಲುತ್ತಿದ್ದ. ನೌಕರಿ ಹೋದ ವಾರವೇ ಬೇಲಿ ಬಂತು. ಈಗ ನಾನು ಎಲೆಯ ಹೊರೆ ಹೊತ್ತು ಹಳ್ಳದ ಕೆಸರಿಗಿಳಿದು ಆಚೆ ಹತ್ತಬೇಕು. ಸವಣೂರು ಮುಟ್ಟುವಷ್ಟರಲ್ಲಿ ಎಲೆ ಬಾಡಿರುತ್ತದೆ, ಕೊಳ್ಳುವವರು ಮೂಗು ಮುರಿಯುತ್ತಾರೆ. ಹಳ್ಳ ತುಂಬಿದರೆ ಅದೂ ಇಲ್ಲ. ಈ ಕೇಸು ಸೋತರೆ ತೋಟವನ್ನು ಮಹಾಲಿಂಗಪ್ಪನಿಗೇ, ಅವನು ಹೇಳಿದ ರೇಟಿಗೆ ಕೊಡಬೇಕು. ಅವನು ಬಾಯಿ ತೆರೆದು ಕೂತಿರುವುದೂ ಅದಕ್ಕೇ.

ನೌಕರಿ ಹೋದದ್ದು ನಿದ್ದೆ ಮಾಡಿದ್ದಕ್ಕೆ. ಚಳಿಗಾಲ, ಮಂಜು, ಮೈ ಸುಡುವ ಜ್ವರ. ಬದಲಿ ಆಳು ಕೊಡಿ ಎಂದು ಕೇಳಿಕೊಂಡಿದ್ದ. ಆಳಿಲ್ಲ, ನಿಲ್ಲು ಅಂದರು. ನಿಂತ. ಬೆಳಗಿನ ಜಾವ ಕಾಲು ಸೋತು ಕುಸಿದ, ಕಣ್ಣು ಮುಚ್ಚಿತು. ಗಸ್ತಿಗೆ ಬಂದ ಅಧಿಕಾರಿ ಎಬ್ಬಿಸಲಿಲ್ಲ, ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದ. ವಿಚಾರಣೆಯಲ್ಲಿ ಕೇಳಿದ್ದು ಇಷ್ಟೇ: ನಿದ್ದೆ ಮಾಡಿದ್ದು ನಿಜವೋ ಸುಳ್ಳೋ? ನನ್ನ ಗಂಡ ನಿಜ ಎಂದ. ಜ್ವರದ ಮಾತು ಯಾರಿಗೂ ಬೇಡವಾಗಿತ್ತು. ವಜಾ. ಪಿಂಚಣಿಯೂ ಇಲ್ಲ. ಕರಿ ಮೀಸೆಯಲ್ಲಿ ಹೋದವನು ಬಿಳಿ ಮೀಸೆ ಹೊತ್ತು, ಒಂದು ಟ್ರಂಕು ಹಿಡಿದು ಬಸ್ಸಿಳಿದ. ಅದೇ ತಿಂಗಳು ಪಕ್ಕದೂರಿನ ಸರೋಜವ್ವನ ಮಗ ಮಿಲಿಟರಿಯಿಂದ ನಿವೃತ್ತನಾಗಿ ಬಂದ. ಅವನಿಗೆ ತೆರೆದ ಜೀಪು, ಹಾರ, ಡೊಳ್ಳು. ನಾನೂ ಹೋಗಿ ನಿಂತು ನೋಡಿದೆ. ಆ ಹಾರ ಅಲ್ಲೇ ಬಾಡಿ ಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿ ಬಂದೆ.

ಬಂದಾಗಿನಿಂದ ಖಲಂದರನಿಗೆ ನಿದ್ದೆ ಇಲ್ಲ, ಕಣ್ಣು ಮುಚ್ಚಲು ಹೆದರುತ್ತಾನೆ. ಊರಲ್ಲಿ ಯಾರ ಮನೆಯ ಗೊರಕೆ ಕೇಳಿದರೂ ನನಗೆ ಹೊಟ್ಟೆಕಿಚ್ಚು. ಇದ್ದದ್ದು ಇದ್ದಂತೆ ಹೇಳುತ್ತೇನೆ, ನಾಚಿಕೆ ಏನಿಲ್ಲ.

ಊಟದ ಹೊತ್ತು ಮುಗಿಯಿತು. ನಮ್ಮ ವಕೀಲೆ ಶ್ವೇತಾ, ಇನ್ನೂ ಎಳೆಯ ಹುಡುಗಿ, ನನ್ನನ್ನು ಪಕ್ಕಕ್ಕೆ ಕರೆದಳು. ಖಲಂದರ ಊರಲ್ಲೇ ಇರಲಿಲ್ಲವಲ್ಲ, ದಾರಿ ತುಳಿದವಳು ನಾನು, ಇವತ್ತಿನ ಸಾಕ್ಷಿ ನನ್ನದು.

“ನಸೀರಕ್ಕ, ಊಟ ಆದಮ್ಯಾಲ ಜಡ್ಜ್ ಸಾಹೇಬ್ರ ಕಣ್ಣು ಸ್ವಲ್ಪ ಹತ್ತತಾವ. ನೋಡಿದ್ರೂ ನೋಡಲಾರ್ದಂಗ ಇರ್ರಿ.”

“ಸಾಕ್ಷಿ ನಡದಾಗ ಮಲಗತಾರೇನ್ರಿ?”

“ಮೆಲ್ಲಕ ಮಾತಾಡ್ರಿ. ಅವ್ರು ಸಿಟ್ಟಿಗೆದ್ರ ನನ್ನ ಎಲ್ಲಾ ಕೇಸೂ ಹಾಳಾಗತಾವ.”

ಸಾಹೇಬರು ಹಿಂದೆ ಇದ್ದ ಊರಿನ ವಕೀಲರು ಇದೇ ನಿದ್ದೆಯ ಬಗ್ಗೆ ಮೇಲಿನವರಿಗೆ ಅರ್ಜಿ ಬರೆದಿದ್ದರಂತೆ. ಮೇಲಿನವರು ಸಾಹೇಬರನ್ನು ಇಲ್ಲಿಗೆ ವರ್ಗ ಮಾಡಿದರು. ಅವರು ನಿದ್ದೆಯನ್ನೂ ಸಾಮಾನಿನ ಲಾರಿಯಲ್ಲಿ ಹೇರಿಕೊಂಡು ಬಂದರು. ಅವರಿಗೆ ವರ್ಗ, ನನ್ನ ಗಂಡನಿಗೆ ವಜಾ.

ಚನ್ನೇಶ ನನ್ನ ಹೆಸರು ಕೂಗಿದ. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಮೇಲೆ ಸಾಹೇಬರ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್ಲು. ಮಹಾಲಿಂಗಪ್ಪನ ವಕೀಲ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಸಾಹೇಬರ ಗದ್ದ ಎದೆಗೆ ಇಳಿದಿತ್ತು. ಪೆನ್ನು ಮಾತ್ರ ಕೈಯಲ್ಲಿ ನಿಂತಿತ್ತು. ಎಂಥ ನಿದ್ದೆ ಅದು! ಹಾಲು ಕುಡಿದ ಕೂಸಿನ ಹಾಗೆ, ಹಣೆಯ ಮೇಲೆ ಒಂದು ಗೆರೆ ಇಲ್ಲ. ನನಗೆ ಕಣ್ಣು ಕೀಳಲಾಗಲಿಲ್ಲ. ಆ ಕುರ್ಚಿಯ ಮೇಲೆ, ಆ ಟವೆಲ್ಲಿನ ಮೇಲೆ, ಮನೆಯಲ್ಲಿ ಅವರ ಮಗ್ಗುಲಿಗೆ ಮಲಗುವ ಆ ಮಹಾತಾಯಿಯ ಮೇಲೆ ಕೂಡ ಹೊಟ್ಟೆ ಉರಿಯಿತು. ಅದರಲ್ಲಿ ಒಂದು ತಾಸಿನಷ್ಟು ನನ್ನ ಗಂಡನಿಗೆ ಕೊಡಬಾರದೇ ದೇವರು?

ಸಾಕ್ಷಿ ಆಡಿದ್ದನ್ನು ಕೇಳಿ ಸಾಹೇಬರು ಹೇಳಬೇಕು, ಕೆಳಗೆ ಕೂತ ಹುಡುಗಿ ಟೈಪು ಮಾಡಬೇಕು. ಅದು ಪದ್ಧತಿ. ಸಾಹೇಬರು ಆ ಊರಲ್ಲೇ ಇರಲಿಲ್ಲ.

“ಆ ಬಂಡಿದಾರಿ ಮಹಾಲಿಂಗಪ್ಪನವ್ರ ಹೊಲದಾಗ ಐತಿ, ಹೌದಲ್ಲೋ?” ವಕೀಲ ಕೇಳಿದ.

“ಅಲ್ರಿ. ನಮ್ಮ ಮಾವನ ಕಾಲದಿಂದ ಅದು ನಮ್ಮ ದಾರಿ. ಅವ್ರಪ್ಪನ ಹೆಣಾನೂ ನಮ್ಮನ್ನ ಕೇಳಿ ಅದ ದಾರೀಲೆ ಒಯ್ದಾರ.”

ವಕೀಲ ಟೈಪಿನ ಹುಡುಗಿಯ ಕಡೆ ತಿರುಗಿದ. “ಬರಕೋಮ್ಮ. ಸದರಿ ದಾರಿಯು ಪ್ರತಿವಾದಿಯ ಜಮೀನಿನಲ್ಲಿದೆ ಎಂದರೆ ಸರಿ.”

ಹುಡುಗಿ ಸಾಹೇಬರತ್ತ ನೋಡಿದಳು. ಆಮೇಲೆ ತಲೆ ತಗ್ಗಿಸಿ ಟಕಟಕ ಹೊಡೆದಳು.

“ನಾ ಹಂಗ ಹೇಳಿಲ್ಲ!”

“ಕೇಳಿದ್ದಕ್ಕಷ್ಟ ಬಾಯಿ ಬಿಡು. ನೀವು ಮೊದಲಿನಿಂದ ಹಳ್ಳದ ಹಾದೀಲೇ ಅಡ್ಡಾಡತೀರಿ, ಹೌದಲ್ಲೋ?”

“ಇಲ್ರೀ, ಇವ್ರು ಬೇಲಿ ಹಾಕಿದಮ್ಯಾಲ.”

“ಬರಕೋಮ್ಮ. ಮೊದಲಿನಿಂದಲೂ ಹಳ್ಳದ ದಾರಿಯನ್ನೇ ಬಳಸುತ್ತೇವೆ ಎಂದರೆ ಸರಿ.”

ಶ್ವೇತಾ ಅರ್ಧ ಎದ್ದು “ಸರ್…” ಅಂದಳು. ಸಣ್ಣ ಗೊರಕೆಯೊಂದು ಕೇಳಿಸಿತು. ಕೂತುಬಿಟ್ಟಳು. ಮಹಾಲಿಂಗಪ್ಪ ಬಾಯಿಗೆ ಕರ್ಚೀಫು ಹಿಡಿದು ನಗುತ್ತಿದ್ದ. ನನ್ನ ಬಾಯಿಂದ ಬಂದ ‘ಇಲ್ಲ’ ನನ್ನ ಕಣ್ಣೆದುರೇ ‘ಸರಿ’ ಆಗುತ್ತಿತ್ತು, ತೋಟ ಕೈಬಿಟ್ಟು ಹೋಗುತ್ತಿತ್ತು.

ಆಗ ಹಿಂದಿನ ಬೆಂಚಿನಿಂದ ಬಂತು ಕೂಗು.

“ಥಮ್! ಕೌನ್ ಆತಾ ಹೈ?”

ಗಡಿಯಲ್ಲಿ ಪಹರೆ ನಿಂತವನು ಕತ್ತಲಲ್ಲಿ ಸಪ್ಪಳವಾದರೆ ಕೂಗುವ ಕೂಗಂತೆ ಅದು: ನಿಲ್ಲು, ಯಾರು ಬರುತ್ತಿರುವುದು? ನಾನು ಮದುವೆಯಾದಾಗಿನಿಂದ ಖಲಂದರನ ಅಂಥ ದನಿ ಕೇಳಿರಲಿಲ್ಲ. ಕಿಟಕಿಯ ಪಾರಿವಾಳಗಳು ಪಟಪಟ ಹಾರಿದವು. ಸಾಹೇಬರ ಕೈಯ ಪೆನ್ನು ಬಿತ್ತು, ನೀರಿನ ಗ್ಲಾಸು ಉರುಳಿ ಕಾಗದಗಳ ಮೇಲೆ ಹರಿಯಿತು. ಖಲಂದರ ನಡುದಾರಿಯಲ್ಲಿ ಬೂಟಿಲ್ಲದ ಕಾಲನ್ನೇ ಅಪ್ಪಳಿಸುತ್ತ ಬಂದು, ಮೇಜಿನ ಮುಂದೆ ಸೆಲ್ಯೂಟು ಹೊಡೆದ.

“ಪಹರೇದಾಗ ನಿದ್ದಿ, ಸಾಬ್. ಇಲ್ಲಿದ್ದೋರೆಲ್ಲಾ ನೋಡ್ಯಾರ. ನಿಜಾನೋ ಸುಳ್ಳೋ, ಅಷ್ಟ ಹೇಳ್ರಿ. ನಿಮಗ ಜ್ವರ ಬಂದಿತ್ತೇನ್ರಿ?”

ಸಾಹೇಬರು ಬಾಯಿಯ ಅಂಚು ಒರೆಸಿಕೊಂಡರು. “ಯಾರಿವನು? ಹಿಡೀರಿ ಇವನನ್ನ!” ಆಮೇಲೆ ಟೈಪಿನ ಹುಡುಗಿಗೆ, ಸ್ಪಷ್ಟ ದನಿಯಲ್ಲಿ: “ಬರಕೊಳ್ಳಮ್ಮ. ನ್ಯಾಯಾಲಯವು ಸಾಕ್ಷಿಯ ಹೇಳಿಕೆಯನ್ನು ಗಮನವಿಟ್ಟು ಆಲಿಸುತ್ತಿರುವಾಗ…”

ಆ ಮಧ್ಯಾಹ್ನ ಅವರು ತಾವಾಗಿ ಬರೆಸಿದ ಮೊದಲ ಮಾತು ಅದು.

ಪೊಲೀಸರಿಬ್ಬರು ಖಲಂದರನ ರಟ್ಟೆ ಹಿಡಿದರು. ಅವನು ಕೊಸರಾಡಲಿಲ್ಲ. ಚನ್ನೇಶ ನನ್ನ ಕಡೆ ಬಂದ.

“ಇಳೀಬೇ ಕೆಳಗ. ಮುಗೀತು ನಿಂದು.”

“ಮುಗದಿಲ್ಲ.” ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ. “ಸಾಹೇಬ್ರ, ನಾ ಹೇಳಿದ್ದೊಂದು, ಅಲ್ಲಿ ಹೊಡದದ್ದೊಂದು. ಈಗ ಎಚ್ಚರ ಅದೀರಿ. ಮೊದಲಿನಿಂದ ಹೇಳತೇನಿ, ಕೇಳ್ರಿ.”

“ಇವಳನ್ನೂ ಹೊರಗೆ ಹಾಕಿ!”

ಚನ್ನೇಶ ನನ್ನ ಬೆರಳುಗಳನ್ನು ಒಂದೊಂದೇ ಬಿಡಿಸತೊಡಗಿದ. ಅವನು ಒಂದು ಬಿಡಿಸಿದರೆ ನಾನು ಇನ್ನೊಂದು ಊರಿದೆ. ಟೈಪಿನ ಹುಡುಗಿಯ ಕೈ ಕೀಲಿಗಳ ಮೇಲೆ ಹಾಗೇ ನಿಂತಿತ್ತು, ಸಾಹೇಬರ ಮಾತೂ ಅರ್ಧಕ್ಕೇ ಉಳಿದಿತ್ತು. ನಾನು ಅವಳ ಕಡೆ ತಿರುಗಿದೆ.

“ಬರಕೋ ತಂಗಿ. ಬಂಡಿದಾರಿ ನಮ್ಮದು.”