ಮೊಳದುದ್ದದ ಬಿದಿರು

ಉಗುರಿನ ಸಂದಿಗೆ ಸುಂಕು ಹೊಕ್ಕೈತೆ, ಕಳಲೆ ಅಂದ್ರೆ ಬಿದಿರಿನ ಎಳೇ ಮೊಳಕೆ, ಅದರ ಮೈಮೇಲಿನ ಕರೀ ಸುಂಕು, ಕಣ್ಣಿಗೆ ಕಾಣಲ್ಲ, ಬೆರಳು ಮಡಚಿದಾಗ ಚುಳ್ ಅಂತೈತೆ ಅಷ್ಟೆ, ಹಲ್ಲಲ್ಲಿ ಕಚ್ಚಿ ತೆಗೀಬೇಕು, ಈಗ ಬ್ಯಾಡ, ಈ ಸಿಪ್ಪೆ ಅರ್ಧ ಬಿಟ್ಟೈತೆ, ನಡುವೆ ಕೈ ತೆಗೆದ್ರೆ ಸೀಳಿಬಿಡ್ತೈತೆ, ಒಳಗಿನ ಎಳೇದಕ್ಕೆ ಗಾಯ ಆದ್ರೆ ಕೊಳೀತೈತೆ, ನಿಧಾನ, ಬುಡದಿಂದ, ಸುತ್ತ ಹೊರಳಿಸಿ — ಹಾಂ, ಬಂತು, ಒಳಗೆ ಹಾಲುಬಣ್ಣ, ತಣ್ಣಗೆ, ಒದ್ದೆ. ಇದು ಮೂರನೇ ಕುಂಡ, ಇನ್ನೂ ಒಂಬತ್ತು ಅವೆ, ಜಗುಲಿ ಉದ್ದಕ್ಕೂ ಸಾಲಾಗಿ ಇಟ್ಟವ್ರೆ, ಒಂದೊಂದರಲ್ಲೂ ಒಂದೋ ಎರಡೋ ಕಳಲೆ ಮೂತಿ ಎತ್ತೈತೆ, ಬೆಳಗ್ಗೆ ಒಂದು ಸುತ್ತು ಸಂಜೆ ಒಂದು ಸುತ್ತು ಬಿಡಿಸಬೇಕು, ಒಂದು ಹೊತ್ತು ತಪ್ಪಿದ್ರೆ ಗೇಣು ಏರಿ ನಿಂತಿರ್ತೈತೆ, ಬಿದಿರಿಗೆ ಕಾಯೋದು ಗೊತ್ತಿಲ್ಲ. ಆ ಕಡೆ ಮಂಡೀಲಿ ಗಳ ಎಳೀತಿರೋ ಸದ್ದು, ಒಂದರ ಮೇಲೊಂದು ಬೀಳ್ತಾವೆ, ಟೊಳ್ಳು ಸದ್ದು, ಅಳಿಯ ಮಾರಣ್ಣ ಗಾಡಿ ತುಂಬ್ತಾ ಅವನೆ. ಬೆಳಕು ಹರಿಯೋ ಹೊತ್ತಿಗೆ ಬಂದ, ಅತ್ತೆ ಅಂದ, ನನ್ನ ಮಖ ನೋಡ್ಲಿಲ್ಲ, ಬಿದಿರಿನ ರಾಶಿ ನೋಡ್ದ, ಎತ್ತು ಬಿಚ್ಚಿ ನೀರಿಗೆ ಬಿಟ್ಟ. ಏನಾಯ್ತು ಅಂತ ನಾನೂ ಕೇಳ್ಲಿಲ್ಲ. ಹನ್ನೊಂದು ದಿನ ಆಯ್ತು ಅವನು ಹೋಗಿ. ಕೇಳೋದು ಒಂದೇ ಮಾತು, ನನ್ನ ಮಗಳು ಹೆಂಗವಳೆ, ಅಷ್ಟೇ, ನಾಲಿಗೆ ಏಳವಲ್ದು, ಅವನು ಗಳ ಎಣಿಸಿ ಕಟ್ಟಿ ಮುಗಿಸೋವರೆಗೂ ಕೇಳದೇ ಇದ್ರೆ ಅಲ್ಲೀವರೆಗೂ ಚಿನ್ನಕ್ಕ ಬದುಕೇ ಇರ್ತಾಳೆ, ಹಂಗೆ ಅನ್ನಿಸ್ತೈತೆ, ಹುಚ್ಚು, ನಾಲ್ಕನೇ ಕುಂಡ ಎಳಕೋ ಪಾಪಕ್ಕ, ಬಿಸಿಲು ಗೋಡೆ ಇಳಿಯೋದರೊಳಗೆ ಮುಗೀಬೇಕು.

ಬಾಯಿ ಬಿಟ್ಟಿದ್ದೇ ತಪ್ಪು. ಮೂರು ವರ್ಷದ ಕೆಳಗೆ, ಅದೇ ದಿಲ್ಲಿ ದರ್ಬಾರಿನ ವರ್ಷ, ನನ್ನ ಗಂಡ ತಿಪ್ಪಯ್ಯ ಪ್ಲೇಗಿನಲ್ಲಿ ಹೋಗಿದ್ದ, ಬಿದಿರು ತರೋಕೆ ಗಂಡಸಿಲ್ಲ ಅಂತ ನಾನೇ ಮೊಳಕಾಲ್ಮೂರಿಂದ ಗಾಡೀಲಿ ಚಳ್ಳಕೆರೆಗೆ ಬಂದೆ, ನಮ್ಮ ಸೀಮೇಲಿ ಬಿದಿರೆಲ್ಲಿ, ಬಂಡೆ, ಜಾಲಿ, ಹುಲ್ಲು, ಪಡುವಣ ಕಾಡಿನ ಬಿದಿರೆಲ್ಲ ಗುತ್ತಿಗೆದಾರ ಸೋಮಶೇಖರಪ್ಪನೋರ ಈ ಮಂಡಿಗೇ ಬಂದು ಬೀಳೋದು, ಅವರು ಕೊಟ್ರೆ ಮೇದಾರ ಕೇರೀಲಿ ಮೊರ, ಪುಟ್ಟಿ, ನೇಕಾರರ ಮಗ್ಗಕ್ಕೆ ಹಣಿಗೆ ಕಡ್ಡಿ, ಕೊಡದಿದ್ರೆ ಮಚ್ಚು ಮಡಿಲಲ್ಲಿಟ್ಕೊಂಡು ಕೂರೋದು. ಅವತ್ತು ಇದೇ ಜಗುಲೀಲಿ ಒಂದು ಕುಂಡ ಇತ್ತು, ಅದರಲ್ಲಿ ಬಿದಿರು ಸೂರಿಗೆ ಮುಟ್ಟಿತ್ತು, ಯಜಮಾನ್ರು ಕತ್ತರಿ ಹಿಡಿದು ತುದಿ ಕತ್ತರಿಸ್ತಾ ನಿಂತಿದ್ರು, ಎಲೆಯೆಲ್ಲ ಹಳದಿ. ಮೈಸೂರಿನ ವಸ್ತುಪ್ರದರ್ಶನದಲ್ಲಿ ಜಪಾನಿನ ಮರ ನೋಡಿ ಬಂದಿದ್ರಂತೆ, ನೂರು ವರ್ಷದ ಮರವಂತೆ, ಗೇಣುದ್ದವಂತೆ, ತಟ್ಟೇಲಿ ಕೂತಿತ್ತಂತೆ, ಮಂಡೀ ಆಳಿಗೆ ಹೇಳ್ತಿದ್ರು, ನಾನು ಸುಮ್ನೆ ನನ್ನ ಗಳ ನೋಡ್ಕೊಂಡು ಹೋಗಬೇಕಿತ್ತು. ಬುದ್ಧಿ, ತಲೆ ಕಡಿದ್ರೆ ಅದು ಕುಳ್ಳಾಗಲ್ಲ, ಮೊಂಡಾಗ್ತೈತೆ, ಕಳಲೆ ಏಳುವಾಗಲೇ ಒಂದೊಂದೇ ಸಿಪ್ಪೆ ಬಿಡಿಸ್ತಾ ಬಂದ್ರೆ ಗೆಣ್ಣು ಗೆಣ್ಣಿಗೆ ಅಂಟಿಕೊಂಡೇ ಇರ್ತೈತೆ, ಅಂದೆ. ಯಾಕಂದೆ. ನಮ್ಮಪ್ಪ ಕಾಡಂಚಿನಲ್ಲಿ ಬಿಡಾರ ಹಾಕಿದ್ದಾಗ ಸಾರಿಗೆ ಅಂತ ಒಂದು ಕಳಲೆಯ ಸಿಪ್ಪೆ ನಿಂತಲ್ಲೇ ಬಿಡಿಸೋಕೆ ಹತ್ತಿದ, ಅಷ್ಟರಲ್ಲಿ ಯಾರೋ ಕೂಗಿದ್ರು ಅಂತ ಹೋದ, ಮರೆತ, ಮಳೆಗಾಲ ಕಳೆದ ಮೇಲೆ ನೋಡಿದ್ರೆ ಸುತ್ತ ಎಲ್ಲಾ ಎರಡಾಳೆತ್ತರ, ಅದೊಂದು ಮಾತ್ರ ನನ್ನ ಸೊಂಟಕ್ಕೆ ಬಂದು ನಿಂತಿತ್ತು, ದಪ್ಪಗೆ, ಒತ್ತೊತ್ತಾದ ಗೆಣ್ಣು, ನಾನು ಅದಕ್ಕೆ ಕುಳ್ಳವ್ವ ಅಂತ ಹೆಸರಿಟ್ಟಿದ್ದೆ. ಅದನ್ನೇ ಹೇಳ್ದೆ. ಯಜಮಾನ್ರು ಕತ್ತರಿ ಕೆಳಗಿಟ್ರು. ನಿನ್ನ ಹೆಸರೇನವ್ವ ಅಂದ್ರು.

ಮೊದಲ ಮಳೆಗಾಲ ಮೂರು ಕಳಲೆ ಕೊಳೆತ್ವು, ನಾಲ್ಕನೇದು ನಿಂತಿತು, ಮೊಳದುದ್ದ, ಎರಡೆರಡು ಬೆರಳಿಗೆ ಒಂದು ಗೆಣ್ಣು, ತುದೀಲಿ ಎಲೆ ಗುತ್ತಿ, ನನಗೇ ಕಣ್ಣು ಕೀಳೋಕೆ ಆಗ್ಲಿಲ್ಲ, ಸುಳ್ಳು ಯಾಕೆ ಹೇಳಲಿ, ಹೆಮ್ಮೆ ಆಯ್ತು, ಹತ್ತು ತಲೆಮಾರು ಬಿದಿರು ಸೀಳಿದ ಮೇದಾರರಲ್ಲಿ ಬಿದಿರನ್ನ ನಿಲ್ಲಿಸಿದೋಳು ನಾನೊಬ್ಬಳೇ ಅನ್ನಿಸ್ತು. ಅದನ್ನ ಯಜಮಾನ್ರು ಕಾಡಿನ ಗುತ್ತಿಗೆ ಕೊಡೋ ದೊರೆಗೆ ಒಯ್ದು ಕೊಟ್ರು, ದೊರೆ ಮೇಜಿನ ಮೇಲೆ ಇಟ್ಕೊಂಡ್ನಂತೆ, ಗುತ್ತಿಗೆ ಇವರಿಗೇ ಉಳೀತು. ವಾಪಸ್ ಬಂದೋರೆ ಹೇಳಿದ್ರು, ಪಾಪಕ್ಕ, ನೀನು ಇಲ್ಲೇ ಇರು, ದನದ ಕೊಟ್ಟಿಗೆ ಪಕ್ಕದ ಕೋಣೆ ನಿಂದು, ಊಟ ನಮ್ಮನೇದು, ನಿಮ್ಮ ಕೇರಿಗೆ ಮೊದಲ ಆಯ್ಕೆ ಬಿದಿರು, ಇದು ನನ್ನ ಮಾತು. ಮಾತು ತಪ್ಪಿಲ್ಲ ಅವರು. ಬೈದಿಲ್ಲ, ಗದರಿಲ್ಲ, ಯುಗಾದಿಗೆ ಸೀರೆ ಕೊಡ್ತಾರೆ, ಜ್ವರ ಬಂದ್ರೆ ಅಡುಗೆ ಯರ್ರಮ್ಮನ ಕೈಲಿ ಗಂಜಿ ಕಳಿಸ್ತಾರೆ. ದೀಪಾವಳೀಲಿ ನಾಲ್ಕು ದಿನ ಊರಿಗೆ ಬಿಡ್ತಾರೆ, ನಾಲ್ಕೇ, ಐದನೇ ದಿನ ಗಾಡಿ ಬಂದು ನಿಂತಿರ್ತೈತೆ. ಕೇರಿಗೆ ಹೋದ್ರೆ ಹಿರಿಯ ಜೋಗಪ್ಪ ಎದ್ದು ಜಾಗ ಕೊಡ್ತಾನೆ, ಪಾಪಕ್ಕ ನಿನ್ನ ಬೆರಳಿಂದ ಕೇರಿ ಒಲೆ ಉರೀತೈತೆ ಅಂತಾನೆ, ಹೆಂಗಸರು ನನ್ನ ಬೆರಳು ಹಿಡಿದು ನೋಡ್ತಾರೆ, ಇನ್ನೂ ನಾಲ್ಕು ದಿನ ಇರವ್ವ ಅಂತ ಒಬ್ರೂ ಅನ್ನಲ್ಲ. ಚಿನ್ನಕ್ಕ ಅಂದಿದ್ಲು, ಒಬ್ಬಳೇ, ಹೋದ ದೀಪಾವಳೀಲಿ, ಎಣ್ಣೆ ಹಚ್ಚಿಸ್ಕೊಂತಾ, ಆಮೇಲೆ ಕೇಳಿದ್ಲು, ಅವ್ವ ನೀನು ಅಲ್ಲಿ ಏನು ಮಾಡ್ತೀಯ, ಬಿದಿರು ಬೆಳೆಸ್ತೀಯಾ ಅಂತ, ಬೆಳೆಸಲ್ಲ ಕಣೆ, ಬೆಳೀದಂಗೆ ನೋಡ್ಕೊಂತೀನಿ ಅಂದೆ, ನಕ್ಕಳು, ಅದೂ ಒಂದು ಕೆಲಸವಾ ಅಂತ.

ಐದನೇ ಕುಂಡ, ಇದರಲ್ಲಿ ಎರಡು ಅವೆ, ಒಂದನ್ನ ಮುರಿದು ಹಾಕಬೇಕು, ಯಾವುದು, ಆಮೇಲೆ ನೋಡೋಣ. ಗೋಡೆಯಾಚೆ ಉಳ್ಳಾರ್ತಿ ಕಾವಲಿಗೆ ದನ ಹೊಡ್ಕೊಂಡು ಹೋಗ್ತಾ ಅವ್ರೆ, ಧೂಳು ಮಾತ್ರ ಕಾಣ್ತೈತೆ, ಕೊರಳ ಗಂಟೆ. ಅವತ್ತೂ ಹಿಂಗೇ ಧೂಳಿತ್ತು, ಮಾರಣ್ಣ ಗಾಡಿ ಹೊಡ್ಕೊಂಡು ಬಂದಾಗ, ಹನ್ನೊಂದು ದಿನದ ಕೆಳಗೆ. ನಮ್ಮಣ್ಣನ ಮಗ ಅವನು, ಅಳಿಯ ಆಗೋಕೆ ಮುಂಚೆ ನನ್ನ ಸೊಂಟದ ಮೇಲೆ ಆಡಿದೋನು. ಗಳ ಕಟ್ತಾ ಕಟ್ತಾನೇ ಹೇಳ್ದ, ಅತ್ತೆ, ಚಿನ್ನಕ್ಕಂಗೆ ದಿನ ತುಂಬೈತೆ, ನಾನು ಹೊರಡುವಾಗ ಒಂದೊಂದು ಸಲ ಸಣ್ಣಗೆ ನೋವು ಏಳ್ತಿತ್ತು, ಅವ್ವಂಗೆ ಹೇಳು ಅಂದ್ಲು. ಅಷ್ಟು ಹೇಳಿ ಹಗ್ಗ ಎಳೆದು ಗಂಟು ಹಾಕ್ದ. ನಾನು ಯಜಮಾನ್ರ ಹತ್ರ ಹೋದೆ, ಬುದ್ಧಿ, ಮಗಳ ಚೊಚ್ಚಲ ಹೆರಿಗೆ, ಎಂಟು ದಿನ ಬಿಡ್ರಿ. ಅವರು ಪಾಪ ಕುರ್ಚಿಯಿಂದ ಎದ್ದೇ ಬಿಟ್ರು, ಒಳ್ಳೇದಾಗಲಿ ಕಣವ್ವ, ಹೋಗಬೇಕು, ಹೋಗದೇ ಇರ್ತೀಯಾ, ಕಳಲೆ ಇನ್ನೊಂದು ಎಂಟು ದಿನಕ್ಕೆ ಗಟ್ಟಿಯಾಗ್ತೈತೆ, ಆಮೇಲೆ ನಾನೇ ಗಾಡಿ ಕಟ್ಟಿಸ್ತೀನಿ. ಹೆರಿಗೆ ಎಂಟು ದಿನ ಕಾಯ್ತೈತಾ ಬುದ್ಧಿ ಅಂದೆ. ಅವರು ಕುಂಡ ನೋಡಿದ್ರು. ಇದೂ ಕಾಯಲ್ಲವಲ್ಲ ಪಾಪಕ್ಕ ಅಂದ್ರು, ಮೆಲ್ಲಗೆ. ಹೋಗಬ್ಯಾಡ ಅನ್ನಲೇ ಇಲ್ಲ. ನಾನು ಕೋಣೆಗೆ ಹೋಗಿ ಸೀರೆ ಗಂಟು ಕಟ್ಟಿ ಮಾರಣ್ಣನ ಗಾಡಿ ಹತ್ತಿ ಬಿದಿರಿನ ಮೇಲೆ ಕೂತೆ, ನಡಿ ಅಂದೆ. ಅವನು ನೊಗ ಹಿಡಿದೋನು ಹಂಗೇ ನಿಂತ.

ಇಳಿಯತ್ತೆ, ಅಂದ. ಜೋಗಪ್ಪಜ್ಜ ಹೇಳಿ ಕಳಿಸವ್ನೆ, ಪಾಪಕ್ಕ ಬರ್ತೀನಿ ಅಂದ್ರೂ ಕರ್ಕೊಂಡು ಬರಬ್ಯಾಡ, ಅವಳು ಬಂದ್ರೆ ಮುಂದಿನ ಗಾಡಿಗೆ ಬಿದಿರು ಇರಲ್ಲ, ನಲವತ್ತು ಒಲೆ ಅಂತ. ಚಿನ್ನಕ್ಕ ಏನಂದ್ಲೋ ಅಂದೆ. ಅವ್ವಂಗೆ ಹೇಳು ಅಂದ್ಲು ಅಷ್ಟೆ, ಬಾ ಅನ್ನು ಅನ್ಲಿಲ್ಲ, ಅಂದ, ಕಣ್ಣು ಎತ್ತಿನ ಮೇಲಿತ್ತು. ನಾನು ಇಳಿದೆ. ಯಾರೂ ನನ್ನ ಎಳೀಲಿಲ್ಲ, ಕೈ ಹಿಡೀಲಿಲ್ಲ, ನಾನೇ ಚಕ್ರದ ಮೇಲೆ ಕಾಲಿಟ್ಟು ಇಳಿದೆ, ಗಂಟು ಬಿದಿರಿನ ಸಂದೀಲಿ ಸಿಕ್ಕಿತ್ತು, ಅದನ್ನೂ ಎಳ್ಕೊಂಡೆ. ಗಾಡಿ ಹೋದ ಮೇಲೆ ಹಗ್ಗ ಕಣ್ಣಿಗೆ ಬಂತು. ಗಾಡಿ ಹಗ್ಗ ಅಲ್ಲ, ಹೆರಿಗೆ ಹಗ್ಗ, ತೊಲೆಗೆ ಕಟ್ಟೋದು, ನೋವು ಬಂದಾಗ ಎರಡು ಕೈಲೂ ಹಿಡಿದು ಜೋತು ಬೀಳಬೇಕು, ಸೂಲಗಿತ್ತಿ ಬೋರಕ್ಕ ಮುಂದೆ ಕೂರ್ತಾಳೆ, ಬೆನ್ನಿಗೆ ಅವ್ವ ಕೂರಬೇಕು, ತೊಡೆ ಎರಡೂ ಕಡೆ ಒತ್ತಿ, ಕಂಕುಳಿಗೆ ಕೈ ಕೊಟ್ಟು. ನನಗೆ ನನ್ನವ್ವ ಕೂತಿದ್ಲು, ಅವಳ ಎದೆ ಬಡಿಯೋದು ನನ್ನ ಬೆನ್ನಿಗೆ ತಿಳೀತಿತ್ತು, ಚಿನ್ನಕ್ಕ ಹೊರಗೆ ಬಂದಾಗ ಯಾರು ಮೊದಲು ಅತ್ತರು ಗೊತ್ತಿಲ್ಲ. ಚಿನ್ನಕ್ಕನ ಬೆನ್ನಿಗೆ ಯಾರು. ಹಗ್ಗ ಹಿಡಿದ ಕೈ ಎರಡು ಮಾತ್ರ ಕಾಣ್ತೈತೆ, ಹಿಂದೆ ಯಾರೂ ಕಾಣಲ್ಲ.

ಅವತ್ತು ಸಂಜೆ ಯರ್ರಮ್ಮನ ಒಲೆ ಮೇಲೆ ನೀರು ಕುದೀತಿತ್ತು, ಸ್ನಾನಕ್ಕೆ ಅಂತ ಒಂದು ಚೆಂಬು ತಗೊಂಡೆ, ಎಂದುಕಮ್ಮಾ, ಯಾಕವ್ವ ಇಷ್ಟು ಬಿಸಿ ಅಂದ್ಲು, ಮೈ ನೋವು ಅಂದೆ. ಆಗ ಇದ್ದಿದ್ದು ಒಂದೇ ಕುಂಡ, ಅದರ ಬುಡಕ್ಕೆ ಸುರಿದೆ, ಸುತ್ತ, ನಿಧಾನ, ಬೇರು ಬೇರಿಗೂ ತಾಗೋ ಹಂಗೆ. ಅದೇ ಸತ್ರೆ ಯಾರ ತಪ್ಪು, ಹುಳ ಬಿತ್ತು, ಬಿಸಿಲು ತಾಗ್ತು, ಕೇರಿ ಮೇಲೆ ದೂರಿಲ್ಲ, ನನ್ನ ಕೆಲಸ ಮುಗೀತು, ನಡೆದೇ ಹೋಗ್ತೀನಿ, ಎರಡು ದಿನ. ಆವಿ ಮಖಕ್ಕೆ ಬಂತು, ಬೇಯಿಸಿದ ಕಳಲೆ ವಾಸನೆ, ಹೊಟ್ಟೆ ಹಸೀತು, ಅದಕ್ಕೂ ನಾಚಿಕೆ ಆಯ್ತು. ಬೆಳಗ್ಗೆ ಕಳಲೆ ತಲೆ ಬಗ್ಗಿಸಿತ್ತು, ಮೂರನೇ ದಿನಕ್ಕೆ ಎಲೆ ಸುರುಳಿ. ಯಜಮಾನ್ರು ಬಂದು ಬಗ್ಗಿ ಕೂತು ಮಣ್ಣಲ್ಲಿ ಬೆರಳಿಟ್ರು, ಒಂದು ಬೇರು ಕಿತ್ತು ಹಿಸುಕಿದ್ರು, ಬೆಂದ ಗೆಣಸಿನ ಹಂಗೆ ನುಣ್ಣಗಾಯ್ತು. ನನ್ನ ನೋಡಿದ್ರು. ಪಂಚೆಗೆ ಬೆರಳು ಒರೆಸ್ಕೊಂಡ್ರು. ತಿಳೀತು ಅವರಿಗೆ, ತಿಳೀದೇ ಇರ್ತೈತಾ, ಬೈತಾರೆ, ಹೊಡೀತಾರೆ, ಓಡಿಸ್ತಾರೆ, ಓಡಿಸಲಿ. ಒಂದರ ಮೇಲೇ ಜೀವ ಇಟ್ರೆ ಹಿಂಗೇ ಆಗೋದು ಪಾಪಕ್ಕ, ಅಂದ್ರು, ದೊರೆಯ ಹೆಂಡ್ತಿ ಸಾಲಾಗಿ ಬೇಕು ಅಂದಿದ್ರು, ಕಾಡಿಂದ ಹನ್ನೆರಡು ಬುಡ ಹೊರಟಾವೆ, ನಾಳೆ ಬರ್ತಾವೆ, ನಿಮ್ಮ ಕೇರಿ ಗಾಡಿಗೂ ಅದರ ಜೊತೇಲೇ ಗಳ ಬರ್ತೈತೆ, ನೀನು ಚಿಂತೆ ಮಾಡಬ್ಯಾಡ. ಚಿಂತೆ ಮಾಡಬ್ಯಾಡ ಅಂದ್ರು. ನಾನು ತಲೆ ಆಡಿಸಿದೆ.

ಸದ್ದು ನಿಂತೈತೆ. ಗಾಡಿ ತುಂಬಾಯ್ತು ಕಾಣ್ತೈತೆ. ಹೆಜ್ಜೆ ಈ ಕಡೆ ಬರ್ತಾವೆ, ಕಲ್ಲು ಚಪ್ಪಡಿ ಮೇಲೆ, ಮಾರಣ್ಣನವೇ, ಆರನೇ ಕುಂಡ ಎಳ್ಕೊಂತೀನಿ, ಸಿಪ್ಪೆ ಬಿಗಿಯಾಗೈತೆ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಹೆಣ್ಣು ಅತ್ತೆ, ಅಂದ. ಚಿನ್ನಕ್ಕ, ಅಂದೆ. ಚೆನ್ನಾಗವಳೆ, ಇಬ್ರೂ ಚೆನ್ನಾಗವ್ರೆ, ಮೊನ್ನೆಯಿಂದ ಎದ್ದು ಓಡಾಡ್ತಾಳೆ. ಚೆನ್ನಾಗವಳೆ, ಬದುಕವಳೆ, ಮುದ್ದೆ ಉಂಡಳಂತೆ, ಹಾಲು ಬಂದೈತಂತೆ, ನೆಲ ಮತ್ತೆ ಕಾಲ ಕೆಳಗೆ ಬಂತು, ಇಷ್ಟೇ ಸಾಕು, ಇಷ್ಟೇ ಬೇಕಿದ್ದಿದ್ದು, ಎದ್ದು ಹೋಗಲಿ ಇವನು, ನಾನು ಯಾಕೆ ಕೇಳಿದೆ, ಬೆನ್ನಿಗೆ ಯಾರೋ ಕೂತಿದ್ದು ಅಂತ. ಅವನು ನೆಲದ ಮೇಲಿನ ಸಿಪ್ಪೆ ಒಂದು ಎತ್ತಿ ತಿರುಗಿಸ್ದ. ಕೂರ್ತೀನಿ ಅಂತ ಜೋಗಪ್ಪಜ್ಜನ ಸೊಸೆ ಬಂದ್ಲು, ಬ್ಯಾಡ ಅಂದ್ಲು ಚಿನ್ನಕ್ಕ, ಗೋಡೆಗೆ ಒರಗಿಸ್ರಿ ಅಂದ್ಲು, ಎರಡು ದಿನ ಅತ್ತೆ, ಮೊದಲ ದಿನ ಅವ್ವಾ ಅವ್ವಾ ಅಂತ ಕೂಗಿದ್ಲು, ಕೇರಿಗೆಲ್ಲ ಕೇಳ್ತಿತ್ತು, ಜೋಗಪ್ಪಜ್ಜ ಎದ್ದು ಊರ ಹೊರಗೆ ಹೋದ. ಎರಡನೇ ದಿನ, ಅಂದೆ. ಎರಡನೇ ದಿನ ಕೂಗ್ಲಿಲ್ಲ, ಅಂದ. ಎತ್ತು ತಲೆ ಕೊಡವಿದ್ವು, ಅವನು ಎದ್ದು ಹೋದ, ಬರ್ತೀನತ್ತೆ ಅಂದ್ನೇನೋ, ಗಾಡಿ ಹೊರಟಿತು, ಯರ್ರಮ್ಮ ಒಳಗಿಂದ ಏನೋ ಕೇಳ್ತಾ ಅವಳೆ, ಸಿಪ್ಪೆ ಅರ್ಧ ಬಿಟ್ಟೈತೆ, ಬುಡದಿಂದ, ಸುತ್ತ, ಕೂಗ್ಲಿಲ್ಲ, ನೋವು ಕಮ್ಮಿ ಆಗಿರಬೇಕು, ಇಲ್ಲ, ಎರಡನೇ ದಿನ ಕಮ್ಮಿ ಆಗಲ್ಲ, ನನಗೆ ಗೊತ್ತಿಲ್ವಾ, ಕರೆದ್ರೆ ಬರೋರಿಲ್ಲ ಅಂತ, ತೊಲೆ, ತೊಲೆಯಿಂದ ಹಗ್ಗ, ಹಗ್ಗದ ಮೇಲೆ ಎರಡು ಕೈ, ಬೆರಳ ಗೆಣ್ಣೆಲ್ಲ ಬೆಳ್ಳಗೆ, ಬೆನ್ನಿಗೆ ಗೋಡೆ, ಬಾಯಿ ಮುಚ್ಚೈತೆ, ಹಗ್ಗ ಹಿಡಿದ ಕೈ ಎರಡು, ಬಾಯಿ ಮುಚ್ಚೈತೆ, ಮುಚ್ಚೇ ಐತೆ