ಆರಿಸಿಟ್ಟಿದ್ದ ಸಿ.ಡಿ. ಡ್ರೈವ್

ಹೊಲಿಗೆ ಅಂಗಡಿಯ ಒಡತಿಗೆ ಅಂದು ಬೆಳಗ್ಗೆ ಕೈಕಾಲೇ ಆಡಲಿಲ್ಲ. ಕಸೂತಿ ಯಂತ್ರ ಓಡಿಸುವ ಹಳೇ ಕಂಪ್ಯೂಟರು ಯಾವುದೋ ಫೈಲು ಕಾಣೆಯಾಗಿದೆ, ಮೂಲ ಸಿ.ಡಿ. ಹಾಕಿ ರಿಪೇರಿ ಮಾಡಿ ಎಂದು ಕಪ್ಪು ಪರದೆಯ ಮೇಲೆ ಬರೆದು ಸುಮ್ಮನಾಗಿತ್ತು. ಸಿ.ಡಿ. ಬೀರುವಿನಲ್ಲೇ ಇತ್ತು. ಹಾಕಿದಳು. ಟ್ರೇ ಒಳಗೆ ಹೋಯಿತು, ದೀಪ ಮಿನುಗಿತು, ಪರದೆಯ ಮೇಲೆ ಮಾತ್ರ ಮತ್ತೆ ಅದೇ ಸಾಲು. ಗಂಡ ವರ್ಷಗಟ್ಟಲೆ ಕೂತು ಬಿಡಿಸಿದ್ದ ಬಳ್ಳಿ, ನವಿಲು, ಶಾಲೆಗಳ ಲಾಂಛನ ಎಲ್ಲ ಇದ್ದದ್ದು ಆ ಕಂಪ್ಯೂಟರಿನ ಹೊಟ್ಟೆಯಲ್ಲೇ.

ಎದುರಿನ ಮೊಬೈಲ್ ರಿಪೇರಿಯವನು ಬಂದು ನೋಡಿ, ಗುಜರಿಗೆ ಹಾಕಿ ಎಂದು ಕೈ ತೊಳೆದುಕೊಂಡ.

ಉಳಿದವನು ಮೈದುನ ಒಬ್ಬನೇ. ಯಂತ್ರಕ್ಕೆ ಕಂಪ್ಯೂಟರು ಜೋಡಿಸಿಕೊಟ್ಟವನೂ ಅವನೇ. ಆದರೆ ಅಣ್ಣ ತೀರಿಕೊಂಡ ಮೇಲೆ, ಒಬ್ಬರಿಂದ ಆಗದು, ಅಂಗಡಿ ಮುಚ್ಚಿಬಿಡಿ ಎಂದಿದ್ದ. ಅವಳು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟಿದ್ದಳು. ಅಲ್ಲಿಂದೀಚೆಗೆ ಮಾತಿಲ್ಲ, ಕತೆಯಿಲ್ಲ. ಕೊನೆಗೆ ಬಿಗುಮಾನ ನುಂಗಿಕೊಂಡು ಫೋನ್ ಮಾಡಿದಳು.

ಅವನು ಹಳೆಯದೇನನ್ನೂ ಎತ್ತಲಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ, ಹಾಕಿದ ಕೂಡಲೇ ಡಿಲೀಟ್ ಕೀ ಬಿಡದೆ ಒತ್ತಿ ಎಂದ. ಮೊದಲ ಸಲ ಕೈ ತಡವಾಯಿತು. ಮತ್ತೊಮ್ಮೆ ಒತ್ತಿದಾಗ ನೀಲಿ ಪರದೆ ಬಂತು. ಅದು ಬಯಾಸ್ ಅಂತೆ, ಯಾವ ಯಾವ ಭಾಗ ಇದೆ, ಯಾವುದರಿಂದ ಶುರುಮಾಡಬೇಕು ಎಂದು ಕಂಪ್ಯೂಟರು ಏಳುವ ಮೊದಲೇ ತಿಳಿದುಕೊಳ್ಳುವ ಜಾಗ. ಅಲ್ಲಿ ಮೌಸ್ ನಡೆಯದು, ಬಾಣದ ಗುರುತಿನ ಕೀಗಳೇ ಗತಿ.

"ಸೆಕೆಂಡರಿ ಮಾಸ್ಟರ್ ಅಂತ ಇದೆಯಲ್ಲ, ಸಿ.ಡಿ. ಡ್ರೈವ್ ಜೋಡಿಸಿರೋ ಜಾಗ, ಅದರ ಎದುರು ಏನಿದೆ ಅತ್ತಿಗೆ?"

"ನನ್ ಅಂತಿದೆ, ಏನೂ ಇಲ್ಲ ಅಂತ ತಾನೇ?"

ಆ ಕಡೆ ಅವನು ನಕ್ಕ.

"ಇದು ಅಣ್ಣನ ಕೆಲಸ. ಸಿ.ಡಿ. ಡ್ರೈವ್ ಹುಡುಕ್ತಾ ಕೂತು ಕಂಪ್ಯೂಟರ್ ನಿಧಾನಕ್ಕೆ ಏಳತ್ತೆ ಅಂತ ನನ್ನ ಪ್ರಾಣ ತಿಂದು ಆಫ್ ಮಾಡಿಸಿದ್ದ. ಡ್ರೈವ್ ಕೆಟ್ಟಿಲ್ಲ ಬಿಡಿ."

"ಕೊನೇ ಗುಂಡಿ ಹೊಲಿಯೋವರೆಗೂ ಅಂಗಿ ಕೆಳಗಿಡದ ಮನುಷ್ಯ, ಅದಕ್ಕೆ ಮಾತ್ರ ಕಾಯೋಕಾಗಲಿಲ್ಲ," ಎಂದಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಡ್ರೈವನ್ನು ಕಂಪ್ಯೂಟರೇ ಗುರುತಿಸಲೆಂದು, ಅವನು ಹೇಳಿದಂತೆ ಅದನ್ನು ಆಟೋ ಮಾಡಿದಳು. ಇನ್ನೊಂದು ಪುಟದಲ್ಲಿ, ಮೊದಲು ಹಾರ್ಡ್ ಡಿಸ್ಕ್ ಎಂದಿದ್ದ ಕಡೆ ಸಿ.ಡಿ.ಯನ್ನು ತಂದಿಟ್ಟಳು. ಬದಲಾವಣೆ ಉಳಿಸಲು ಎಫ್ ಟೆನ್ ಒತ್ತಿ, ಹೌದು ಎನ್ನಲು ವೈ ಒತ್ತಿದಳು. ಪರದೆ ಕಪ್ಪಾಯಿತು. ಡ್ರೈವ್ ಗುಂಯ್ ಎಂದು ತಿರುಗಿತು, ಯಾವುದಾದರೂ ಕೀ ಒತ್ತಿ ಎಂಬ ಸಾಲು ಮೂಡಿತು. ಹೊಸದಾಗಿ ಹಾಕಲು ಹೋದರೆ ಎಲ್ಲ ಅಳಿಸಿಹೋದೀತು, ರಿಪೇರಿಯನ್ನೇ ಆರಿಸಿ ಎಂದು ಅವನು ಎರಡೆರಡು ಸಲ ಎಚ್ಚರಿಸಿದ. ಅವಳೂ ಎರಡೆರಡು ಸಲ ಓದಿಯೇ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ನವಿಲು, ಬಳ್ಳಿ, ಲಾಂಛನ ಒಂದೂ ಬಿಡದೆ ಪರದೆಯ ಮೇಲೆ ಬಂದವು. ಬಿಳಿ ಬಟ್ಟೆಯ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ಯಂತ್ರ ಹಾಕಿದಳು. ಸೂಜಿ ಪಟಪಟ ಎಂದದ್ದು ಫೋನಿನಲ್ಲಿ ಅವನಿಗೂ ಕೇಳಿಸಿತು.

"ನಾಳೆ ಬಂದು ಎಲ್ಲದಕ್ಕೂ ಇನ್ನೊಂದು ಕಾಪಿ ಮಾಡಿಡ್ತೀನಿ," ಎಂದ. ತಡೆದು ತಡೆದು ಕೇಳಿದ, "ಬರಬಹುದಲ್ವಾ?"

"ಬರದೆ ಏನಪ್ಪಾ, ನಿನ್ನ ಮನೆಯೇ ಅಲ್ವಾ. ಮಕ್ಕಳನ್ನೂ ಕರ್ಕೊಂಡು ಬಾ."

ಫೋನ್ ಇಟ್ಟ ಮೇಲೆ ಸ್ಟೂಲ್ ಎಳೆದುಕೊಂಡು ಧಪ್ಪನೆ ಕೂತಳು. ಬೆಳಗ್ಗೆಯಿಂದ ನಿಂತೇ ಇದ್ದೆನೆಂಬುದು ಆಗಲೇ ಅವಳಿಗೆ ಗೊತ್ತಾದದ್ದು.