ಹೆಚ್ಚಿಗೆ ಬಂದ 6x

ಹನ್ನೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಡವರ ರಕ್ತ, ಕೀವು, ವಾಂತಿ ಮೆತ್ತಿದ ಬಟ್ಟೆ ಬೇರ್ಪಡಿಸಿದವಳಿಗೆ ಹೇಸಿಗೆ ಹೊಸದೇನಲ್ಲ. ಆ ನಾತದ ಕೋಣೆಯಿಂದ ಇಸ್ತ್ರಿ ವಿಭಾಗದ ಮೇಲ್ವಿಚಾರಕಿಯಾಗಿ ಹೋಗಬೇಕಾದರೆ ಹತ್ತನೇ ತರಗತಿ ಪಾಸಾಗಬೇಕಿತ್ತು. ಉಳಿದದ್ದು ಗಣಿತವೊಂದೇ. ಹಾಗಾಗಿ ಅಕ್ಕನ ಗಂಡನ ಟ್ಯೂಷನ್ನಿಗೆ ಹೋಗಿ, ಮೂಗು ಮುಚ್ಚಿಕೊಳ್ಳುವ ಹುಡುಗಿಯರನ್ನು ಸಹಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಳು.

ಬೀಜೋಕ್ತಿಗಳನ್ನು ಅಪವರ್ತಿಸುವುದು, ಅಂದರೆ ಗುಣಿಸಿದರೆ ಮತ್ತೆ ಅದೇ ಬರುವಂತೆ ಒಡೆಯುವುದು, ಮೊದಮೊದಲು ಕಬ್ಬಿಣದ ಕಡಲೆಯೇ. ಕೂಡಿದರೆ ಐದು, ಗುಣಿಸಿದರೆ ಆರು ಬರುವ ಎರಡು ಸಂಖ್ಯೆ ಹುಡುಕು ಅಂದರೆ ತಲೆ ಧಿಮ್ಮೆನ್ನುತ್ತಿತ್ತು. ಆದರೆ ಒಗೆದ ಬಟ್ಟೆಯನ್ನು ತಿರುವಿ ಹಾಕಿ ಕಲೆ ಹುಡುಕುವುದು ಅವಳ ಅಭ್ಯಾಸ. ಬಿಡಿಸಿದ ಪ್ರತಿ ಲೆಕ್ಕವನ್ನೂ ಮತ್ತೆ ಗುಣಿಸಿ ನೋಡುತ್ತಿದ್ದಳು. ಬರಬರುತ್ತಾ ಅದರ ರುಚಿ ಹತ್ತಿತು.

ಪರೀಕ್ಷೆಯ ಹಿಂದಿನ ದಿನ ಭಾವ ಹಲಗೆಯ ಮೇಲೆ x² + 9 = (x + 3)(x + 3) ಎಂದು ಬರೆದು, ಇದು ಪ್ರತಿ ವರ್ಷ ಬರುವ ಪ್ರಶ್ನೆ, ಬಾಯಿಪಾಠ ಮಾಡಿ ಅಂದ. ಮಕ್ಕಳೆಲ್ಲ ಬರೆದುಕೊಂಡರು. ಅವಳು ಗುಣಿಸಿದಳು. ನಡುವೆ ಕರೆಯದೇ ಬಂದ ನೆಂಟನಂತೆ 6x ಕೂತಿತ್ತು. ಎರಡು ಸಲ ಗುಣಿಸಿದರೂ ಏಳಲಿಲ್ಲ. ಕ್ಲಾಸು ಬಿಟ್ಟ ಮೇಲೆ ಅವನಿಗೆ ಪುಸ್ತಕ ತೋರಿಸಿದಳು.

"ಗೊತ್ತಮ್ಮ," ಅಂದ ಭಾವ, ಸೀಮೆಸುಣ್ಣ ಮೆತ್ತಿದ ಉಗುರಿನಿಂದ ಹಲ್ಲಿನ ಸಂದಿ ಕೆರೆಯುತ್ತಾ. "ಬರೆದ ಮೇಲೆ ಹೊಳೀತು. ಅಷ್ಟು ಮಕ್ಕಳ ಮುಂದೆ ತಪ್ಪಾಯ್ತು ಅನ್ನೋಕಾಗುತ್ತಾ? ನೀನು ಒಡೆಯೋಕಾಗಲ್ಲ ಅಂತ ಬರಿ, ಪಾಸಾಗು. ಬಾಯಿ ಮಾತ್ರ ಬಿಡ್ಬೇಡ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಆಸಾಮಿ. ಅದಕ್ಕಿಂತ ಅಸಹ್ಯವಾದದ್ದು, ತಾನು "ಹೂಂ ಭಾವ" ಅಂದುಬಿಟ್ಟದ್ದು. ತನಗೆ ಉತ್ತರ ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ಥೂ.

ಮರುದಿನ ಬೆಳಿಗ್ಗೆ ಪರೀಕ್ಷೆಯ ಗೇಟಿನ ಮುಂದೆ ಹುಡುಗಿಯರು ಅದೇ ಸಾಲನ್ನು ಉರು ಹೊಡೆಯುತ್ತಿದ್ದರು. ಭಾವ ಒಬ್ಬೊಬ್ಬರ ಬೆನ್ನು ತಟ್ಟುತ್ತಾ ನಗುತ್ತಿದ್ದ. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅದನ್ನ ಒಂದ್ಸಲ ಗುಣಿಸಿ ನೋಡ್ರೇ."

ದಿನವೂ ಮೂಗು ಮುಚ್ಚಿಕೊಳ್ಳುತ್ತಿದ್ದವಳೇ ಮೊದಲು ಗುಣಿಸಿದಳು. ಅವಳ ಪೆನ್ನು ನಿಂತಿತು.

"ಅಕ್ಕಾ, 6x ಜಾಸ್ತಿ ಬರ್ತಿದೆ. ಹಾಗಾದ್ರೆ ಉತ್ತರ ಏನು?"

"ಒಡೆಯೋಕಾಗಲ್ಲ ಅಂತ ಬರೀರಿ."

ಎಲ್ಲರೂ ಮೇಷ್ಟರ ಮುಖ ನೋಡಿದರು. ಅವನು ಅವಳ ಹತ್ತಿರ ಬಂದು ಹಲ್ಲು ಕಚ್ಚಿದ.

"ನಿನ್ನ ಕೊಳಕನ್ನ ಇಲ್ಲಿಗೂ ತಂದ್ಯಾ?"

"ತಂದಿದ್ದು ನೀವು ಭಾವ," ಅಂದಳು ಅವಳು, ಪೆನ್ನಿನ ಮುಚ್ಚಳ ಹಾಕುತ್ತಾ. "ನಾನು ಒಗೆಯೋಳು."